ಮಳೆಗಿಂತ ಮೊದಲೇ ಏರಿದ ಕೆರೆ: ಜಲಾನಯನ ದತ್ತಾಂಶ ತಂತ್ರಾಂಶದಲ್ಲಿ ದೋಷ ಹುಡುಕುವ ಕ್ರಮ

ಜಲಾನಯನ ದತ್ತಾಂಶವನ್ನು ನಿರ್ವಹಿಸುವ ತಂತ್ರಾಂಶದಲ್ಲಿ ದೋಷ ಹೊಕ್ಕಾಗ ಆ ತಂತ್ರಾಂಶ ಸಾಮಾನ್ಯವಾಗಿ ನಿಂತುಹೋಗುವುದಿಲ್ಲ. ಪರದೆ ಎಂದಿನಂತೆ ತೆರೆದುಕೊಳ್ಳುತ್ತದೆ, ನಕ್ಷೆಯಲ್ಲಿ ಹೊಳೆಗಳು ನೀಲಿಯಾಗಿಯೇ ಹರಿಯುತ್ತವೆ, ವರದಿ ಮುದ್ರಣಗೊಂಡು ಮೇಜಿನ ಮೇಲೆ ಬಂದು ಕೂರುತ್ತದೆ. ಒಳಗಿನ ಸಂಖ್ಯೆ ಮಾತ್ರ ತಪ್ಪಿರುತ್ತದೆ. ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಜಿಲ್ಲೆಗಳ ಕೆರೆ ಮಟ್ಟ, ಮಳೆ ಮತ್ತು ಹಳ್ಳಗಳ ಹರಿವಿನ ದತ್ತಾಂಶವನ್ನು ನೋಡಿಕೊಳ್ಳುವವರಿಗಾಗಿ ಈ ಬರಹವನ್ನು ಸಿದ್ಧಪಡಿಸಿದ್ದೇನೆ. ನಾನು ಇದುವರೆಗೆ ಬೆನ್ನುಹತ್ತಿದ ದೋಷಗಳಲ್ಲಿ ಹೆಚ್ಚಿನವು ಲೆಕ್ಕಾಚಾರದ ಸೂತ್ರದಲ್ಲಿ ಸಿಗಲಿಲ್ಲ. ಸಂಖ್ಯೆಯೊಂದು ರಿಜಿಸ್ಟರಿನಿಂದ ಕಂಪ್ಯೂಟರಿನ ಲೆಕ್ಕದ ಹಾಳೆಗೆ, ಹಾಳೆಯಿಂದ ಸರ್ವರಿಗೆ, ಸರ್ವರಿನಿಂದ ಮಳೆಯಿಂದ ಹರಿವನ್ನು ಲೆಕ್ಕಹಾಕುವ ಮಾದರಿಗೆ ದಾಟುವ ಹೊಸ್ತಿಲುಗಳಲ್ಲಿಯೇ ಅವು ಸಿಕ್ಕಿವೆ. ಹೊಸ್ತಿಲು ದಾಟುವಾಗ ಸಂಖ್ಯೆಯು ತನ್ನ ಸಮಯ, ಅಳತೆಯ ಮಾನ ಮತ್ತು ಸ್ಥಳವನ್ನು ಜೊತೆಗೇ ಕೊಂಡೊಯ್ಯಬೇಕು. ಮೂರರಲ್ಲಿ ಒಂದು ಬಿಟ್ಟುಹೋದರೂ ತಂತ್ರಾಂಶವು ಯಾರನ್ನೂ ಕೇಳದೆ ತನ್ನ ಊಹೆಯನ್ನು ಆ ಜಾಗಕ್ಕೆ ತುಂಬುತ್ತದೆ.

ಲಕ್ಷಣ

ಕೋಲಾರ ತಾಲ್ಲೂಕಿನ ಒಂದು ಕೆರೆಯ ತೂಬಿನ ಬಳಿ ಮಟ್ಟ ಅಳೆಯುವ ಸಂವೇದಕವಿದೆ. ಅದು ಹದಿನೈದು ನಿಮಿಷಕ್ಕೊಮ್ಮೆ ನೀರಿನ ಎತ್ತರವನ್ನು ದಾಖಲಿಸುತ್ತದೆ. ಅದೇ ಜಲಾನಯನದಲ್ಲಿ ದಿನಕ್ಕೊಮ್ಮೆ ಕೈಯಿಂದ ಅಳೆಯುವ ಮಳೆಮಾಪಕವೊಂದು, ತಾನಾಗಿಯೇ ಮಾಹಿತಿ ಕಳುಹಿಸುವ ಮಳೆಮಾಪಕವೊಂದು ಇವೆ. ಹಸ್ತ ಮಳೆಯ ದಿನಗಳಲ್ಲಿ, ಅಕ್ಟೋಬರ್ 9 ಮತ್ತು 10ರ ರೇಖಾಚಿತ್ರವನ್ನು ತೆರೆದು ನೋಡಿದಾಗ ಕೆರೆಯ ಮಟ್ಟವು 9ರ ರಾತ್ರಿ 8:45ಕ್ಕೆ ಏರತೊಡಗಿದ್ದು ಕಂಡಿತು. ಆದರೆ ಕೈಮಾಪಕದ 62 ಮಿ.ಮೀ. ಮಳೆಯು 10ನೇ ತಾರೀಖಿನ ಅಂಕಣದಲ್ಲಿತ್ತು, ಸ್ವಯಂಚಾಲಿತ ಮಾಪಕವು 10ರ ಬೆಳಗಿನ ಜಾವ 1:00ರಿಂದ 3:15ರವರೆಗೆ ಮಳೆ ಸುರಿಯಿತೆಂದು ತೋರಿಸುತ್ತಿತ್ತು. ಮೋಡ ಬಿರಿಯುವುದಕ್ಕೆ ನಾಲ್ಕು ಗಂಟೆ ಮೊದಲೇ ಕೆರೆಗೆ ನೀರು ಬಂದಂತಾಯಿತು.

ಎರಡು ಮಳೆಮಾಪಕಗಳು ಒಂದೇ ತಾರೀಖನ್ನು ಹೇಳುತ್ತಿದ್ದುದರಿಂದ ನಾವು ಮಟ್ಟದ ಸಂವೇದಕವನ್ನೇ ಅನುಮಾನಿಸಿದೆವು. ಇಬ್ಬರು ಸಾಕ್ಷಿಗಳು ಒಂದು ಮಾತು, ಒಬ್ಬ ಸಾಕ್ಷಿ ಇನ್ನೊಂದು ಮಾತು ಹೇಳಿದರೆ ಯಾರಿಗಾದರೂ ಹಾಗೆಯೇ ಅನಿಸುತ್ತದೆ. ಮಟ್ಟದ ಶ್ರೇಣಿಯನ್ನು, ಅಂದರೆ ಸಮಯದ ಕ್ರಮದಲ್ಲಿರುವ ಓದುಗಳ ಸಾಲನ್ನು, ಆರು ಗಂಟೆ ಮುಂದಕ್ಕೆ ತಳ್ಳಿ ಮಾದರಿಯನ್ನು ಮತ್ತೆ ಓಡಿಸಿದೆವು. ಆ ಮಳೆಗೆ ಫಲಿತಾಂಶ ಹೊಂದಿಕೊಂಡಿತು, ಉಳಿದ ಮಳೆಗಳಿಗೆ ಕೆಟ್ಟಿತು. ಒಂದು ಘಟನೆಗೆ ಹೊಂದಿ ಮತ್ತೊಂದಕ್ಕೆ ಹೊಂದದ ತಿದ್ದುಪಡಿಯು ದೋಷವನ್ನು ಅಡಗಿಸುತ್ತದೆಯೇ ಹೊರತು ನೀಗಿಸುವುದಿಲ್ಲ. ಆದ್ದರಿಂದ ಆ ತಿದ್ದುಪಡಿಯನ್ನು ಅಂದೇ ಹಿಂತೆಗೆದುಕೊಂಡೆವು. ಮೂಲ ಕಡತವನ್ನು ಮುಟ್ಟದೆ ಪ್ರತಿಯ ಮೇಲೆ ಕೆಲಸ ಮಾಡಿದ್ದರಿಂದ ಹಿಂದಕ್ಕೆ ಬರಲು ಸಾಧ್ಯವಾಯಿತು. ಯಾವ ಪರೀಕ್ಷೆಗೂ ಮುನ್ನ ಮೂಲ ದತ್ತಾಂಶವನ್ನು ಓದಲು ಮಾತ್ರ ಬರುವಂತೆ ಬೀಗ ಹಾಕಿ ಇಡಿ.

ಮೊದಲು ವಿಚಾರಿಸಬೇಕಾದವರು

ಸರ್ವರಿನ ದಾಖಲೆಗಳನ್ನು ತೆರೆಯುವ ಮುನ್ನ ಕೆರೆಯ ಬಳಿ ಇದ್ದವರನ್ನು ವಿಚಾರಿಸುವುದು ಒಳ್ಳೆಯದು. ತೂಬು ಎತ್ತಿ ಇಳಿಸುವ ನೀರುಗಂಟಿಯವರಿಗೆ ಮಳೆಯ ರಾತ್ರಿಯೆಂಬುದು ಕೆಲಸದ ರಾತ್ರಿ. ಅವರ ನೆನಪು ಸುಲಭಕ್ಕೆ ತಪ್ಪುವುದಿಲ್ಲ. ನಾವು ಕೇಳಿದಾಗ ಅವರು, "ಒಂಬತ್ತನೇ ತಾರೀಕು ರಾತ್ರಿ ಊಟದ ಹೊತ್ತಿಗೇ ಹುಯ್ದಿದ್ದು ಸ್ವಾಮಿ, ಹತ್ತನೇ ತಾರೀಕು ಒಂದು ಹನೀನೂ ಬೀಳಲಿಲ್ಲ" ಎಂದರು. ಆ ಒಂದು ಮಾತಿನಿಂದ ಪ್ರಶ್ನೆಯೇ ತಲೆಕೆಳಗಾಯಿತು. ಸರಿಯಿದ್ದದ್ದು ಮಟ್ಟದ ಸಂವೇದಕ. ತಪ್ಪಿದ್ದವು ಎರಡು ಮಳೆಮಾಪಕಗಳು. ಅವೆರಡೂ ಬೇರೆಬೇರೆ ಕಾರಣಗಳಿಂದ ತಪ್ಪಿ, ಆಕಸ್ಮಿಕವಾಗಿ ಒಂದೇ ತಾರೀಖಿಗೆ ಬಂದು ನಿಂತಿದ್ದವು. ಎರಡು ದೋಷಗಳು ಒಂದನ್ನೊಂದು ಸಮರ್ಥಿಸುವ ಇಂಥ ಸ್ಥಿತಿಯೇ ಪತ್ತೆಗೆ ಅತ್ಯಂತ ಕಠಿಣವಾದದ್ದು. ಬಹುಮತವನ್ನು ನಂಬಿ ಹೊರಟವರು ಇಲ್ಲಿ ದಾರಿ ತಪ್ಪುತ್ತಾರೆ.

ದಿನ ಎಲ್ಲಿ ಆರಂಭವಾಗುತ್ತದೆ

ಕೈಮಾಪಕದ ತಪ್ಪನ್ನು ಮೊದಲು ನೋಡೋಣ. ಭಾರತದಲ್ಲಿ ದೈನಿಕ ಮಳೆಯನ್ನು ಬೆಳಿಗ್ಗೆ 8:30ಕ್ಕೆ ಅಳೆಯುತ್ತಾರೆ. ಆಗ ಸಿಗುವ ಪ್ರಮಾಣವು ಹಿಂದಿನ ದಿನದ 8:30ರಿಂದ ಆ ದಿನದ 8:30ರವರೆಗಿನ ಇಪ್ಪತ್ತನಾಲ್ಕು ಗಂಟೆಗಳ ಮಳೆ, ಮತ್ತು ಅದನ್ನು ಅಳೆದ ದಿನದ ತಾರೀಖಿನ ಎದುರು ಬರೆಯಲಾಗುತ್ತದೆ. ನಮ್ಮ ಸೀಮೆಯಲ್ಲಿ ಸೆಪ್ಟೆಂಬರ್ ಮತ್ತು ಅಕ್ಟೋಬರ್ ತಿಂಗಳ ಮಳೆಯು ಹೆಚ್ಚಾಗಿ ಮಧ್ಯಾಹ್ನದ ಬಿಸಿಲಿನ ನಂತರ, ಸಂಜೆಯಲ್ಲೋ ರಾತ್ರಿಯಲ್ಲೋ ಗುಡುಗಿನೊಂದಿಗೆ ಸುರಿಯುವಂಥದ್ದಾದ್ದರಿಂದ, ರಿಜಿಸ್ಟರಿನಲ್ಲಿ 10ರ ಎದುರು ಇರುವ ಮಳೆಯು ಬಹುಪಾಲು 9ರ ಸಂಜೆಯ ಮಳೆಯಾಗಿರುತ್ತದೆ. ತಂತ್ರಾಂಶಕ್ಕೆ ಈ ಪದ್ಧತಿ ಗೊತ್ತಿರಲಿಲ್ಲ. ಗಂಟೆಯಿಲ್ಲದ ತಾರೀಖನ್ನು ಕಂಡ ಕೂಡಲೇ ಅದು ಮಧ್ಯರಾತ್ರಿಯಿಂದ ಮಧ್ಯರಾತ್ರಿಯವರೆಗಿನ ದಿನವೆಂದು ಭಾವಿಸಿ, 62 ಮಿ.ಮೀ. ಮಳೆಯನ್ನು 10ರ ಇಪ್ಪತ್ತನಾಲ್ಕು ಗಂಟೆಗಳಿಗೂ ಸಮನಾಗಿ ಹರಡಿತ್ತು.

ಈ ದೋಷವು ವರ್ಷಗಟ್ಟಲೆ ಗಮನಕ್ಕೆ ಬಾರದಿರಲು ಕಾರಣವಿದೆ. ತಿಂಗಳ ಮೊತ್ತ ಕೂಡಿದರೆ ಬಹುತೇಕ ಸರಿಬರುತ್ತದೆ. ಜೂನ್ 1ರಿಂದ ಮೇ 31ರವರೆಗಿನ ಜಲವರ್ಷದ ಮೊತ್ತವಂತೂ ಕೂದಲೆಳೆಯಷ್ಟೂ ಅಲುಗುವುದಿಲ್ಲ. ಮೊತ್ತಗಳನ್ನು ಮಾತ್ರ ತಾಳೆ ನೋಡುವ ಪರಿಶೀಲನೆಯಿಂದ ಸಮಯದ ದೋಷ ಎಂದಿಗೂ ಸಿಗದು. ಆದ್ದರಿಂದ ಒಂದೇ ಒಂದು ದೊಡ್ಡ ಮಳೆಯನ್ನು ಆರಿಸಿಕೊಂಡು, ಮಳೆ ಆರಂಭವಾದ ಗಂಟೆ ಮತ್ತು ನೀರು ಏರತೊಡಗಿದ ಗಂಟೆ ಇವೆರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ನೀರು ಮಳೆಯ ನಂತರ ಬರಬೇಕು. ಎಷ್ಟು ಹೊತ್ತಿನ ನಂತರ ಎಂಬುದು ಜಲಾನಯನದ ವಿಸ್ತಾರ, ಇಳಿಜಾರು ಮತ್ತು ಮೇಲಿನ ಕೆರೆಗಳು ತುಂಬಿದ್ದವೇ ಎಂಬುದನ್ನು ಅವಲಂಬಿಸಿರುತ್ತದೆ. ಮೊದಲೇ ಬಂದರೆ ದೋಷವಿದೆಯೆಂದು ಖಚಿತ.

ಪರಿಹಾರ ಸರಳ. ದೈನಿಕ ಮಳೆಯನ್ನು ಆಮದು ಮಾಡುವಾಗ ತಾರೀಖಿನ ಜೊತೆಗೆ 08:30 ಎಂಬ ಸಮಯವನ್ನು ಸೇರಿಸಿ, ಅದು ಅವಧಿಯ ಕೊನೆಯ ಕ್ಷಣವೆಂದು ತಂತ್ರಾಂಶಕ್ಕೆ ತಿಳಿಸಬೇಕು. ಅವಧಿಯ ಆರಂಭಕ್ಕೆ ಸಮಯದ ಮುದ್ರೆ ಹಾಕುವ ತಂತ್ರಾಂಶಗಳೂ ಇವೆ, ಕೊನೆಗೆ ಹಾಕುವವೂ ಇವೆ. ಉದಾಹರಣೆಗೆ ಜಲಮಾದರಿಗಳ ದತ್ತಾಂಶವನ್ನು ಇಡುವ ಎಚ್‌ಇಸಿ-ಡಿಎಸ್‌ಎಸ್ ಎಂಬ ಬಗೆಯ ಕಡತಗಳಲ್ಲಿ ಸಮಾನ ಅಂತರದ ಶ್ರೇಣಿಯ ಮೊತ್ತಕ್ಕೆ ಅವಧಿಯ ಕೊನೆಯ ಸಮಯವನ್ನೇ ಬರೆಯುತ್ತಾರೆ, ದಿನದ ಅಂತ್ಯವನ್ನು 2400 ಎಂದು ಗುರುತಿಸುತ್ತಾರೆ. ಅಂಥ ಕಡತವನ್ನು ಆರಂಭದ ಸಮಯ ಬರೆಯುವ ಹಾಳೆಗೆ ಇಳಿಸಿಕೊಂಡಾಗ 9ರ 2400 ಎಂಬುದು 10ರ 00:00 ಆಗಿ, ಇಡೀ ದಿನದ ಮೊತ್ತವು ಒಂದು ತಾರೀಖು ಮುಂದೆ ಸರಿಯುತ್ತದೆ.

ಸಮಯವನ್ನು ನೀರು ಸುರಿದೇ ಪರೀಕ್ಷಿಸುವುದು

ಸ್ವಯಂಚಾಲಿತ ಮಾಪಕದ ತಪ್ಪು ಬೇರೆ ಬಗೆಯದು. ಅದರಲ್ಲಿ ಐದೂವರೆ ಗಂಟೆಯ ವ್ಯತ್ಯಾಸವಿರಬಹುದೆಂಬ ಗುಮಾನಿ ಬಂದದ್ದು ಅಂಕಿಯಿಂದಲೇ: ಭಾರತೀಯ ಕಾಲಮಾನವು ಜಾಗತಿಕ ಕಾಲಮಾನಕ್ಕಿಂತ (ಯುಟಿಸಿ) 5 ಗಂಟೆ 30 ನಿಮಿಷ ಮುಂದಿದೆ. ಊಟದ ಹೊತ್ತು ಎಂದರೆ ಸುಮಾರು ಏಳೂವರೆ; ಅದಕ್ಕೆ ಐದೂವರೆ ಕೂಡಿಸಿದರೆ ನಡುರಾತ್ರಿ ಒಂದು ಗಂಟೆ. ಗುಮಾನಿಯನ್ನು ನಂಬಿ ತಿದ್ದುವ ಬದಲು ನಾವು ಮಾಪಕಕ್ಕೇ ಮಳೆ ಸುರಿದು ನೋಡಿದೆವು, ಮತ್ತು ಇದನ್ನು ಪ್ರತಿಯೊಬ್ಬರೂ ಮಾಡಬೇಕೆಂದು ಒತ್ತಾಯದಿಂದ ಹೇಳುತ್ತೇನೆ.

ವಿಧಾನ ಹೀಗಿದೆ. ಒಣ ದಿನವೊಂದರಲ್ಲಿ ಅಳತೆಯ ಜಾಡಿಯಲ್ಲಿ ಸರಿಯಾಗಿ ಅರ್ಧ ಲೀಟರ್ ನೀರು ತೆಗೆದುಕೊಳ್ಳಿ. ತಳದಲ್ಲಿ ಸೂಜಿಯಿಂದ ತೂತು ಮಾಡಿದ ಪ್ಲಾಸ್ಟಿಕ್ ಬಾಟಲಿಗೆ ಅದನ್ನು ತುಂಬಿ, ಮಾಪಕದ ಬಾಯಿಯ ಮೇಲೆ ಹಿಡಿದು, ಹನಿಹನಿಯಾಗಿ ಸುಮಾರು ಅರ್ಧ ಗಂಟೆಯಲ್ಲಿ ಇಳಿಯುವಂತೆ ಮಾಡಿ. ನಮ್ಮ ಮಾಪಕದ ಬಾಯಿಯ ವಿಸ್ತೀರ್ಣ 200 ಚದರ ಸೆಂಟಿಮೀಟರ್. 500 ಘನ ಸೆಂಟಿಮೀಟರನ್ನು 200ರಿಂದ ಭಾಗಿಸಿದರೆ 2.5 ಸೆಂ.ಮೀ., ಅಂದರೆ 25 ಮಿ.ಮೀ. ಮಳೆ. ಒಳಗಿನ ತೊಟ್ಟಿಯು 0.5 ಮಿ.ಮೀ.ಗೆ ಒಮ್ಮೆ ಬಾಗುವುದರಿಂದ ಐವತ್ತು ಬಾರಿ ಟಿಕ್ ಎನ್ನಬೇಕು; ಕಿವಿಗೊಟ್ಟು ಎಣಿಸಿದೆವು, ನಲವತ್ತೊಂಬತ್ತು ಬಂತು. ಕೊನೆಯ ತೊಟ್ಟಿ ಅರ್ಧ ತುಂಬಿ ನಿಂತಿತ್ತು. ಪ್ರಮಾಣದಲ್ಲಿ ದೋಷವಿಲ್ಲವೆಂದು ಇದರಿಂದ ತಿಳಿಯಿತು. ನಿಮ್ಮ ಮಾಪಕದ ಬಾಯಿ ಬೇರೆ ಅಳತೆಯದಾದರೆ ಲೆಕ್ಕವನ್ನು ಅದಕ್ಕೆ ತಕ್ಕಂತೆ ಮಾಡಿಕೊಳ್ಳಬೇಕು.

ಸುರಿಯಲು ಆರಂಭಿಸಿದ್ದು ಬೆಳಿಗ್ಗೆ ಸರಿಯಾಗಿ 10:00ಕ್ಕೆ. ದತ್ತಸಂಚಯದಲ್ಲಿ ಆ ಮಳೆ ಕಾಣಿಸಿದ್ದು ಮಧ್ಯಾಹ್ನ 3:30ಕ್ಕೆ. ಅಲ್ಲಿಗೆ ಸಂಶಯ ಉಳಿಯಲಿಲ್ಲ: ಮಾಪಕದ ಓದುಗಳನ್ನು ದಾಖಲಿಸುವ ಸಾಧನವಾದ ಲಾಗರ್ ಭಾರತೀಯ ಕಾಲಮಾನದಲ್ಲಿಯೇ ಬರೆಯುತ್ತಿತ್ತು, ಆಮದು ಮಾಡುವ ಕಾರ್ಯಕ್ರಮವು ಅದನ್ನು ಜಾಗತಿಕ ಕಾಲಮಾನವೆಂದು ತಿಳಿದು ಮತ್ತೊಮ್ಮೆ ಐದೂವರೆ ಗಂಟೆ ಕೂಡಿಸುತ್ತಿತ್ತು. ಪೋಸ್ಟ್‌ಗ್ರೆಸ್‌ನಂಥ ದತ್ತಸಂಚಯದಲ್ಲಿ ಕಾಲವಲಯ ಸಹಿತವಾದ ಸಮಯದ ಕಾಲಂ ಎಲ್ಲವನ್ನೂ ಒಳಗೆ ಜಾಗತಿಕ ಕಾಲಮಾನದಲ್ಲಿ ಇಟ್ಟುಕೊಂಡು, ನೋಡುವವರ ಸಂಪರ್ಕಕ್ಕೆ (ಸೆಷನ್) ಹೊಂದಿಸಿದ ಕಾಲವಲಯಕ್ಕೆ ತಿರುಗಿಸಿ ತೋರಿಸುತ್ತದೆ. ವಲಯರಹಿತ ಕಾಲಂ ಕೊಟ್ಟದ್ದನ್ನು ಕೊಟ್ಟಂತೆಯೇ ಇಡುತ್ತದೆ. ಎರಡೂ ಬಗೆಯ ಕಾಲಂಗಳು ಒಂದೇ ಕೋಷ್ಟಕದಲ್ಲಿ ಬೆರೆತಿದ್ದರೆ ಇಂಥ ದೋಷ ಬಂದೇ ಬರುತ್ತದೆ. ಆಮದಿನ ಹಂತದಲ್ಲಿಯೇ, ಕಡತದ ಪ್ರತಿಯೊಂದು ಸಮಯಕ್ಕೂ +05:30 ಎಂಬ ಗುರುತನ್ನು ಅಂಟಿಸಿ ಒಳಗೆ ಬಿಡುವುದು ಸರಿಯಾದ ಕ್ರಮ. ಜಾಗತಿಕ ಕಾಲಮಾನದಲ್ಲಿ ಸಂಗ್ರಹಿಸಿದ ಶ್ರೇಣಿಯಿಂದ ದೈನಿಕ ಮೊತ್ತ ತೆಗೆಯಬೇಕಾದಾಗ 03:00ರಿಂದ 03:00ರವರೆಗೆ ಕೂಡಬೇಕು, ಏಕೆಂದರೆ ನಮ್ಮ ಬೆಳಗಿನ 8:30 ಅಲ್ಲಿಯ 03:00.

ಮಟ್ಟದ ಸಂವೇದಕಕ್ಕೂ ಇದೇ ಬಗೆಯ ಪರೀಕ್ಷೆಯಿದೆ. ಅದನ್ನು ನೀರಿನಿಂದ ಮೇಲಕ್ಕೆತ್ತಿ ಇಪ್ಪತ್ತು ನಿಮಿಷ ಏರಿಯ ಕಲ್ಲಿನ ಮೇಲೆ ಇಟ್ಟರೆ ದಾಖಲೆಯಲ್ಲಿ ಒಂದು ಆಳವಾದ ತಗ್ಗು ಬೀಳುತ್ತದೆ. ಕೈಗಡಿಯಾರದ ಸಮಯಕ್ಕೂ ತಗ್ಗಿನ ಸಮಯಕ್ಕೂ ಇರುವ ಅಂತರವೇ ದೋಷ. ಈ ಪರೀಕ್ಷೆಗಳ ದಾಖಲೆಗಳಿಗೆ "ಪರೀಕ್ಷೆ" ಎಂಬ ಗುಣಮಟ್ಟದ ಗುರುತು ಹಾಕುವುದನ್ನು ಮರೆಯಬಾರದು. ಇಲ್ಲದಿದ್ದರೆ ನಾವು ಬಾಟಲಿಯಿಂದ ಸುರಿದ 25 ಮಿ.ಮೀ. ಮುಂದೆ ಯಾರದೋ ವರದಿಯಲ್ಲಿ ಅಕಾಲಿಕ ಮಳೆಯಾಗಿ ಉಳಿದುಬಿಡುತ್ತದೆ.

78ನೇ ರೇಖಾಂಶದ ತೊಡಕು

ಕೋಲಾರ ಮತ್ತು ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ಕೆಲಸ ಮಾಡುವವರಿಗೆ ರಾಜ್ಯದ ಬೇರೆ ಹೆಚ್ಚಿನ ಜಿಲ್ಲೆಗಳವರಿಗೆ ಇಲ್ಲದ ಒಂದು ತೊಡಕಿದೆ. ಭೂಮಿಯನ್ನು ಆರಾರು ಡಿಗ್ರಿ ಅಗಲದ ವಲಯಗಳಾಗಿ ವಿಂಗಡಿಸಿ ಸ್ಥಳವನ್ನು ಮೀಟರಿನಲ್ಲಿ ಹೇಳುವ ಯುಟಿಎಂ ನಿರ್ದೇಶಾಂಕ ಪದ್ಧತಿಯಲ್ಲಿ 72ರಿಂದ 78 ಡಿಗ್ರಿ ಪೂರ್ವ ರೇಖಾಂಶದವರೆಗೆ 43ನೇ ವಲಯ, 78ರಿಂದ 84ರವರೆಗೆ 44ನೇ ವಲಯ. 78ನೇ ರೇಖಾಂಶವು ನಮ್ಮ ನಡುವೆಯೇ ಹಾದುಹೋಗುತ್ತದೆ: ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಮಾಲೂರು ಪಟ್ಟಣಗಳು ಅದರ ಪಶ್ಚಿಮಕ್ಕೆ, ಚಿಂತಾಮಣಿ, ಕೋಲಾರ, ಶ್ರೀನಿವಾಸಪುರ, ಬಂಗಾರಪೇಟೆ, ಮುಳಬಾಗಿಲು ಪೂರ್ವಕ್ಕೆ. ಸರ್ವೇ ಆಫ್ ಇಂಡಿಯಾದ ಭೂಪಟಗಳೂ ಅದೇ ಗೆರೆಯಲ್ಲಿ 57ಜಿ ಮತ್ತು 57ಕೆ ಎಂಬ ಹಾಳೆಗಳಾಗಿ ಬೇರ್ಪಡುತ್ತವೆ.

44ನೇ ವಲಯದಲ್ಲಿ ಅಳೆದ ಕೋಲಾರದ ಮಾಪನ ಕೇಂದ್ರವನ್ನು 43ನೇ ವಲಯದ್ದೆಂದು ಘೋಷಿಸಿ ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ತೆರೆದರೆ ಅದು ಸರಿಯಾಗಿ ಆರು ಡಿಗ್ರಿ ಪಶ್ಚಿಮಕ್ಕೆ, ಅರಬ್ಬೀ ಸಮುದ್ರದ ನಡುವೆ ಹೋಗಿ ಕೂರುತ್ತದೆ. ಅಕ್ಷಾಂಶ ಬದಲಾಗುವುದಿಲ್ಲ, ಇದೇ ಈ ದೋಷದ ಗುರುತು. ಸಮುದ್ರದಲ್ಲಿ ಚುಕ್ಕಿ ಕಂಡರೆ ಯಾರಾದರೂ ತಪ್ಪನ್ನು ಹಿಡಿಯುತ್ತಾರೆ, ಆದರೆ ನಕ್ಷೆಯನ್ನು ಜಿಲ್ಲೆಯಷ್ಟಕ್ಕೇ ಹಿಗ್ಗಿಸಿಕೊಂಡು ನೋಡುವವರಿಗೆ ಕೇಂದ್ರ ಕಾಣೆಯಾಗಿದೆ ಎಂದಷ್ಟೇ ಅನಿಸುತ್ತದೆ, ಮತ್ತು ತಂತ್ರಾಂಶವು ಅದನ್ನು ಯಾವ ಉಪಜಲಾನಯನಕ್ಕೂ ಸೇರಿಸದೆ ಮಳೆಯ ಸರಾಸರಿಯಿಂದ ಸದ್ದಿಲ್ಲದೆ ಕೈಬಿಡುತ್ತದೆ. ಪತ್ತೆಗೆ ನಕ್ಷೆಯೂ ಬೇಕಿಲ್ಲ, ಪೂರ್ವ ನಿರ್ದೇಶಾಂಕದ ಕಾಲಂ ನೋಡಿದರೆ ಸಾಕು. ಕೋಲಾರ ಪಟ್ಟಣದ ಪೂರ್ವ ನಿರ್ದೇಶಾಂಕ 44ನೇ ವಲಯದಲ್ಲಿ ಸುಮಾರು 1.89 ಲಕ್ಷ ಮೀಟರ್, 43ನೇ ವಲಯದಲ್ಲಿ ಲೆಕ್ಕಹಾಕಿದರೆ ಸುಮಾರು 8.39 ಲಕ್ಷ ಮೀಟರ್. ಈ ಎರಡು ಜಿಲ್ಲೆಗಳ ಮಟ್ಟಿಗೆ ಏಳು ಲಕ್ಷಕ್ಕೆ ಮೇಲಿದ್ದರೆ 43ನೇ ವಲಯ, ಎರಡೂವರೆ ಲಕ್ಷಕ್ಕೆ ಕೆಳಗಿದ್ದರೆ 44ನೇ ವಲಯ ಎಂದು ಧೈರ್ಯವಾಗಿ ಹೇಳಬಹುದು. ಎರಡೂ ಬಗೆಯ ಸಂಖ್ಯೆಗಳು ಒಂದೇ ಕಾಲಂನಲ್ಲಿ ಇದ್ದರೆ ಎರಡು ಗುಂಪಾಗಿ ಬೇರ್ಪಡಿಸಿ, ಒಂದಕ್ಕೆ ನಿರ್ದೇಶಾಂಕ ಪದ್ಧತಿಯನ್ನು ಗುರುತಿಸುವ ಇಪಿಎಸ್‌ಜಿ ಸಂಕೇತ 32643, ಇನ್ನೊಂದಕ್ಕೆ 32644 ಕೊಟ್ಟು, ಎರಡನ್ನೂ ಅಕ್ಷಾಂಶ ರೇಖಾಂಶಕ್ಕೆ ಅಂದರೆ 4326ಕ್ಕೆ ತಿರುಗಿಸಿ ಮತ್ತೆ ಕೂಡಿಸಬೇಕು. ಸಂಗ್ರಹಕ್ಕೆ ಅಕ್ಷಾಂಶ ರೇಖಾಂಶವನ್ನೇ ಬಳಸುವುದು ನಮ್ಮ ಜಿಲ್ಲೆಗಳಿಗೆ ಕ್ಷೇಮ.

ಇದಕ್ಕಿಂತ ಸೂಕ್ಷ್ಮವಾದದ್ದು ಎವರೆಸ್ಟ್ ಎಂಬ, ಭೂಮಿಯ ಆಕಾರದ ಹಳೆಯ ಲೆಕ್ಕವನ್ನು ಆಧರಿಸಿದ ಭೂಪಟಗಳಿಂದ ಓದಿದ ನಿರ್ದೇಶಾಂಕಗಳು. ಅವನ್ನು ಜಿಪಿಎಸ್ ಬಳಸುವ ಡಬ್ಲ್ಯುಜಿಎಸ್ 84 ಆಧಾರದವೆಂದು ತಿಳಿದರೆ ಕೇಂದ್ರವು ಕೆಲವು ನೂರು ಮೀಟರ್ ಸರಿಯುತ್ತದೆ. ಬಯಲಿನಲ್ಲಿ ಇದರಿಂದ ಹಾನಿ ಕಡಿಮೆ. ನೀರು ಕವಲೊಡೆಯುವ ದಿಣ್ಣೆಗಳಲ್ಲಿ ಮಾತ್ರ ಅಷ್ಟೇ ದೂರ ನದಿಯನ್ನೇ ಬದಲಿಸುತ್ತದೆ. ತುಮಕೂರಿನ ದೇವರಾಯನದುರ್ಗದಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ, ಅಲ್ಲಿಯೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ನಂದಿಬೆಟ್ಟದ ಸಾಲಿನಲ್ಲಿಯೂ ಅರ್ಕಾವತಿಯ ನೀರು ಕಾವೇರಿಗೆ, ಎರಡು ಪಿನಾಕಿನಿಗಳ ನೀರು ತಂತಮ್ಮ ದಾರಿಯಲ್ಲಿ ಬಂಗಾಳ ಕೊಲ್ಲಿಗೆ. ಇಂಥ ಕಡೆಗಳಲ್ಲಿ ತಂತ್ರಾಂಶವು ಕೇಂದ್ರವನ್ನು ಯಾವ ಜಲಾನಯನಕ್ಕೆ ಹಚ್ಚಿದೆ ಎಂಬುದನ್ನು ಒಂದೊಂದಾಗಿ ಕಣ್ಣಿಟ್ಟು ನೋಡಲೇಬೇಕು.

ಭಾಗಿಸಿ ನೋಡಿ

ಸಂಖ್ಯೆ ಅಸಂಬದ್ಧವಾಗಿ ದೊಡ್ಡದಾಗಿಯೋ ಚಿಕ್ಕದಾಗಿಯೋ ಬಂದಾಗ ಅದನ್ನು ನಿರೀಕ್ಷಿತ ಸಂಖ್ಯೆಯ ಪಕ್ಕದಲ್ಲಿಟ್ಟು, ಎರಡರಲ್ಲಿ ದೊಡ್ಡದನ್ನು ಚಿಕ್ಕದರಿಂದ ಭಾಗಿಸಿ. ಭಾಗಲಬ್ಧವೇ ದೋಷದ ಹೆಸರು ಹೇಳುತ್ತದೆ. 35.3 ಬಂದರೆ ಘನ ಅಡಿ ಮತ್ತು ಘನ ಮೀಟರ್ ಅದಲುಬದಲಾಗಿವೆ. 3.28 ಬಂದರೆ ಅಡಿ ಮತ್ತು ಮೀಟರ್. 25.4 ಬಂದರೆ ಹಳೆಯ ರಿಜಿಸ್ಟರಿನ ಅಂಗುಲದ ಮಳೆಯು ಮಿಲಿಮೀಟರ್ ಎಂಬ ಹೆಸರಿನಲ್ಲಿ ಒಳಹೊಕ್ಕಿದೆ. 86,400 ಬಂದರೆ ಸೆಕೆಂಡಿನ ಹರಿವನ್ನು ದಿನದ ಹರಿವೆಂದು ಓದಲಾಗಿದೆ. ಪೂರ್ಣ ಸಂಖ್ಯೆಗೂ ಪರಿಚಿತ ಗುಣಕಕ್ಕೂ ಹತ್ತಿರವಿಲ್ಲದ ಭಾಗಲಬ್ಧ ಬಂದರೆ ಮಾತ್ರ ಮಾಪಕವನ್ನೋ ಮಾದರಿಯನ್ನೋ ಅನುಮಾನಿಸಬೇಕು.

ನಮ್ಮಲ್ಲಿ ಗೊಂದಲ ಹೆಚ್ಚಲು ಕಾರಣ, ಒಂದೇ ಕಚೇರಿಯಲ್ಲಿ ಜಲಾಶಯಕ್ಕೆ ಟಿಎಂಸಿ (ನೂರು ಕೋಟಿ ಘನ ಅಡಿ), ಕೆರೆಗೆ ಎಂಸಿಎಫ್‌ಟಿ (ಹತ್ತು ಲಕ್ಷ ಘನ ಅಡಿ), ಕಾಲುವೆಗೆ ಕ್ಯೂಸೆಕ್ (ಸೆಕೆಂಡಿಗೆ ಒಂದು ಘನ ಅಡಿ), ಮಾದರಿಗೆ ಕ್ಯುಮೆಕ್ (ಸೆಕೆಂಡಿಗೆ ಒಂದು ಘನ ಮೀಟರ್), ಪೈಪಿನ ನೀರಿಗೆ ಎಂಎಲ್‌ಡಿ (ದಿನಕ್ಕೆ ಹತ್ತು ಲಕ್ಷ ಲೀಟರ್) ಬಳಕೆಯಲ್ಲಿರುವುದು. 11,574 ಕ್ಯೂಸೆಕ್ ಒಂದು ದಿನ ಹರಿದರೆ 1 ಟಿಎಂಸಿ ಆಗುತ್ತದೆ, 11.574 ಕ್ಯುಮೆಕ್ ಒಂದು ದಿನ ಹರಿದರೆ 10 ಲಕ್ಷ ಘನ ಮೀಟರ್ ಆಗುತ್ತದೆ. ಅಂಕಿಗಳು ಒಂದೇ ಆಗಿರುವುದರಿಂದ ಎರಡನ್ನೂ ಒಂದೆಂದು ತಿಳಿದವರನ್ನು ಕಂಡಿದ್ದೇನೆ, ಆದರೆ 1 ಟಿಎಂಸಿ ಎಂದರೆ 283 ಲಕ್ಷ ಘನ ಮೀಟರ್. ಕೆರೆಗಳಿಗೆ ಇನ್ನೊಂದು ಒರೆಗಲ್ಲೂ ಇದೆ: ಒಂದು ಚದರ ಕಿಲೋಮೀಟರ್ ಮೇಲೆ ಬಿದ್ದ 1 ಮಿ.ಮೀ. ಮಳೆ 1,000 ಘನ ಮೀಟರ್ ನೀರು. ಹತ್ತು ಚದರ ಕಿಲೋಮೀಟರ್ ಜಲಾನಯನದ ಮೇಲೆ 62 ಮಿ.ಮೀ. ಬಿದ್ದರೆ ಒಟ್ಟು 6.2 ಲಕ್ಷ ಘನ ಮೀಟರ್, ಅದರಲ್ಲಿ ಒಂದು ಪಾಲು ಮಾತ್ರ ಕೆರೆಗೆ ಬರುತ್ತದೆ. ತಂತ್ರಾಂಶವು ಅದಕ್ಕಿಂತ ಹೆಚ್ಚು ಒಳಹರಿವು ತೋರಿಸಿದರೆ ಬೇರೆ ಯಾವ ವಾದವೂ ಬೇಕಾಗಿಲ್ಲ.

ಗಾಳಿಯ ತೂಕ ಮತ್ತು ಮಾಪನ ಪಟ್ಟಿಯ ಸೊನ್ನೆ

ಒತ್ತಡದಿಂದ ಆಳವನ್ನು ಅಳೆಯುವ, ಗಾಳಿಕೊಳವೆಯಿಲ್ಲದ ಸಂವೇದಕಗಳು ನೀರಿನ ಒತ್ತಡದ ಜೊತೆಗೆ ಗಾಳಿಯ ಒತ್ತಡವನ್ನೂ ದಾಖಲಿಸುತ್ತವೆ. ಗಾಳಿಯ ಪಾಲನ್ನು ಕಳೆಯಲು ತಂತ್ರಾಂಶವು ಸಮುದ್ರಮಟ್ಟದ 1013 ಹೆಕ್ಟೊಪಾಸ್ಕಲ್ ಅನ್ನು ತಾನಾಗಿಯೇ ಹಿಡಿದರೆ, ಸಮುದ್ರಮಟ್ಟದಿಂದ 800 ಮೀಟರಿಗೂ ಎತ್ತರದಲ್ಲಿರುವ ಕೋಲಾರದಲ್ಲಿ ಕೆರೆಯ ಆಳ ಸುಮಾರು ಒಂದು ಮೀಟರ್ ಕಡಿಮೆ ಬರುತ್ತದೆ, ಬೇಸಿಗೆಯಲ್ಲಿ ಋಣ ಸಂಖ್ಯೆಯೂ ಆಗುತ್ತದೆ. ಒಂದೇ ಸ್ಥಿರ ಒತ್ತಡವನ್ನು ಕಳೆದಿದ್ದರೆ ಮಟ್ಟದಲ್ಲಿ ದಿನಕ್ಕೆ ಎರಡು ಬಾರಿ ಎರಡು ಮೂರು ಸೆಂಟಿಮೀಟರ್ ಏರಿಳಿತ ಕಾಣುತ್ತದೆ, ಬೆಳಿಗ್ಗೆ ಹತ್ತರ ಸುಮಾರಿಗೆ ಮತ್ತು ರಾತ್ರಿ ಹತ್ತರ ಸುಮಾರಿಗೆ ಅದರ ತುದಿ. ಆ ಅಲೆ ನೀರಿನದಲ್ಲ, ಗಾಳಿಯದು. ಏರಿಯ ಮೇಲೆ ಗಾಳಿಯ ಒತ್ತಡವನ್ನಷ್ಟೇ ಅಳೆಯುವ ಇನ್ನೊಂದು ಸಂವೇದಕ ಇಟ್ಟು ಪ್ರತಿ ಓದಿನಿಂದಲೂ ಅದನ್ನು ಕಳೆಯಬೇಕು.

ಹಳ್ಳಗಳಲ್ಲಿ ಮಟ್ಟದಿಂದ ಹರಿವನ್ನು ಕಂಡುಹಿಡಿಯುವ ಸೂತ್ರವು ಮಟ್ಟದಿಂದ ಹರಿವು ನಿಲ್ಲುವ ಮಟ್ಟವನ್ನು ಕಳೆದು, ಅದನ್ನು ಒಂದು ಘಾತಕ್ಕೆ ಏರಿಸಿ, ಒಂದು ಸ್ಥಿರಾಂಕದಿಂದ ಗುಣಿಸುತ್ತದೆ. ಪ್ರವಾಹದಲ್ಲಿ ಬಿದ್ದ ಮಾಪನ ಪಟ್ಟಿಯನ್ನು ಮತ್ತೆ ನೆಡುವಾಗ ಅದರ ಸೊನ್ನೆ ಮೂವತ್ತು ಸೆಂಟಿಮೀಟರ್ ಸರಿದರೆ ಇಡೀ ಕೋಷ್ಟಕ ಕೆಡುತ್ತದೆ. ಹಳ್ಳ ಒಣಗಿರುವಾಗಲೂ ತಂತ್ರಾಂಶ ಹರಿವನ್ನು ತೋರಿಸುತ್ತಿದೆಯೇ ಎಂದು ಏಪ್ರಿಲ್ ತಿಂಗಳ ದಾಖಲೆ ನೋಡಿದರೆ ಇದು ತಕ್ಷಣ ತಿಳಿಯುತ್ತದೆ.

ಬೇಗ ಪತ್ತೆಯಾಗುವ ತಪ್ಪುಗಳು

ಪ್ರತಿ ತಿಂಗಳ 10ನೇ ತಾರೀಖು ಮಳೆ ಬಂದಿದ್ದು, ಅಕ್ಟೋಬರಿನ ಮೊದಲ ವಾರಗಳು ಬರಿದಾಗಿದ್ದರೆ, ದಿನ ಮತ್ತು ತಿಂಗಳು ಅದಲುಬದಲಾಗಿವೆ: 01/10 ಎಂಬುದು ಜನವರಿ 10 ಆಗಿದೆ, 02/10 ಫೆಬ್ರವರಿ 10 ಆಗಿದೆ. 13ರಿಂದ ಮುಂದಿನ ತಾರೀಖುಗಳು ಹಾಳೆಯಲ್ಲಿ ಎಡಕ್ಕೆ ಅಂಟಿಕೊಂಡ ಪಠ್ಯವಾಗಿ ಉಳಿದಿರುತ್ತವೆ. ಅಳೆಯದ ದಿನವನ್ನು ಸೊನ್ನೆ ಎಂದು ತುಂಬಿದ ಕಡತದಲ್ಲಿ ಭಾನುವಾರಗಳೆಲ್ಲ ಒಣಗಿದ್ದು ಸೋಮವಾರಗಳು ಅಸಹಜವಾಗಿ ಒದ್ದೆಯಾಗಿರುತ್ತವೆ. ಖಾಲಿ ಜಾಗಕ್ಕೆ −999 ಬರೆದಿದ್ದರೆ ತಿಂಗಳ ಮೊತ್ತವೇ ಋಣವಾಗಿ ತಾನೇ ಸುದ್ದಿ ಹೇಳುತ್ತದೆ.

ಹೆಸರುಗಳ ತೊಂದರೆ ಇನ್ನೂ ಬಾಧಿಸುತ್ತದೆ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಬಾಗೇಪಲ್ಲಿ, ಗುಡಿಬಂಡೆ, ಶಿಡ್ಲಘಟ್ಟ, ಚಿಂತಾಮಣಿ ತಾಲ್ಲೂಕುಗಳು 2007ರವರೆಗೆ ಕೋಲಾರ ಜಿಲ್ಲೆಯಲ್ಲಿದ್ದವು. ಜಿಲ್ಲೆಯ ಹೆಸರಿನಿಂದ ಹುಡುಕಿದರೆ ಅವುಗಳ ದೀರ್ಘಕಾಲದ ಶ್ರೇಣಿ ಅಲ್ಲಿಗೆ ತುಂಡಾಗುತ್ತದೆ. ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಹಳೆಯ ಕಡತಗಳ ಊರ ಹೆಸರುಗಳು ಯುನಿಕೋಡ್‌ಗೆ ಪರಿವರ್ತನೆಯಾಗದೆ ಅರ್ಥವಿಲ್ಲದ ಅಕ್ಷರಗಳಾಗಿ ಬಂದು ಹೊಸ ಕೇಂದ್ರಗಳಾಗಿ ನೋಂದಣಿಯಾಗುತ್ತವೆ. ಕೇಂದ್ರಕ್ಕೆ ಹೆಸರಿನ ಬದಲು ಬದಲಾಗದ ಸಂಕೇತ ಸಂಖ್ಯೆಯೇ ಗುರುತಾಗಿರಬೇಕು.

ದೋಷವೆಂದು ತೋರುವ ವಾಸ್ತವ

ಮಳೆಯಿಲ್ಲದ ಮಾರ್ಚ್ ತಿಂಗಳಲ್ಲಿ ಕೆರೆಯ ಮಟ್ಟ ಏರುತ್ತಿದ್ದರೆ ಸಂವೇದಕವನ್ನು ದೂರುವ ಮುನ್ನ ಒಂದು ಕ್ಷಣ ತಡೆಯಿರಿ. ಬೆಂಗಳೂರಿನ ಕೋರಮಂಗಲ ಮತ್ತು ಚಲ್ಲಘಟ್ಟ ಕಣಿವೆಯ ಸಂಸ್ಕರಿಸಿದ ನೀರು 2018ರಿಂದ ಕೋಲಾರದ ಕೆರೆಗಳಿಗೆ ಬರುತ್ತಿದೆ. ಲಕ್ಷ್ಮೀಸಾಗರ ಕೆರೆಯಿಂದ ಆರಂಭವಾಗಿ ಅದು ಕೆರೆಯಿಂದ ಕೆರೆಗೆ ಕೋಡಿ ಹರಿದು ಸಾಗುತ್ತದೆ. 400 ಎಂಎಲ್‌ಡಿ ಎಂದರೆ ದಿನಕ್ಕೆ 4 ಲಕ್ಷ ಘನ ಮೀಟರ್, ಸೆಕೆಂಡಿಗೆ ಸುಮಾರು 4.63 ಘನ ಮೀಟರ್, ಅಂದರೆ 163 ಕ್ಯೂಸೆಕ್ ನಿರಂತರ ಹರಿವು. ನಮ್ಮ ಹಳ್ಳಗಳ ಮಟ್ಟಿಗೆ ಇದು ಒಂದು ನದಿ. ಮಾದರಿಯಲ್ಲಿ ಇದನ್ನು ಹೊರಗಿನಿಂದ ಬರುವ ನೀರೆಂದು ಪ್ರತ್ಯೇಕ ಶ್ರೇಣಿಯಾಗಿ ಸೇರಿಸದಿದ್ದರೆ, ತಂತ್ರಾಂಶವು ಲೆಕ್ಕ ಸರಿದೂಗಿಸಲು ಹೋಗಿ ಮಣ್ಣಿನ ಇಂಗುವಿಕೆಯ ಗುಣಾಂಕವನ್ನು ವಿಪರೀತ ಮಟ್ಟಕ್ಕೆ ಕೊಂಡೊಯ್ಯುತ್ತದೆ. 2018ಕ್ಕೆ ಹಿಂದಿನ ಮತ್ತು ನಂತರದ ಅವಧಿಗಳನ್ನು ಒಟ್ಟಿಗೆ ಬೆರೆಸಿ ಮಾದರಿಯನ್ನು ಹೊಂದಿಸಬಾರದು.

ಎತ್ತರದ ನಕ್ಷೆಯಿಂದ ಜಲಾನಯನದ ಗಡಿ ಬಿಡಿಸುವಾಗಲೂ ಇಂಥದೇ ಎಚ್ಚರ ಬೇಕು. ತಂತ್ರಾಂಶವು ತಗ್ಗುಗಳನ್ನು ದತ್ತಾಂಶದ ದೋಷವೆಂದು ತಿಳಿದು ತುಂಬಿಬಿಡುತ್ತದೆ. ಸಾವಿರಾರು ಕೆರೆಗಳ ಈ ಸೀಮೆಯಲ್ಲಿ ತಗ್ಗು ಎಂದರೆ ಕೆರೆ. ತುಂಬಿದ ಮೇಲೆ ನೀರು ಕೋಡಿಯ ಕಡೆಗೆ ಹೋಗದೆ ಏರಿಯ ಯಾವುದೋ ತಗ್ಗಿದ ಮೂಲೆಯಿಂದ ಹಾರಿ ಪಕ್ಕದ ಹಳ್ಳಕ್ಕೆ ಹರಿದಂತೆ ಬಿಡಿಸುತ್ತದೆ. ಪ್ರತಿ ಕೆರೆಯ ಕೋಡಿಯ ಸ್ಥಾನವನ್ನು ಸ್ಥಳದಲ್ಲಿ ಗುರುತಿಸಿಕೊಂಡು ಬಂದು ನಕ್ಷೆಯಲ್ಲಿ ಹೊರದಾರಿಯಾಗಿ ಕೊರೆಯುವುದೊಂದೇ ದಾರಿ.

ತಿದ್ದಿದ ಮೇಲೆ

ಮೂಲ ಶ್ರೇಣಿಯನ್ನು ಸರಿಪಡಿಸಿದರೂ ಅದರಿಂದ ಹಿಂದೆ ಲೆಕ್ಕಹಾಕಿ ಇಟ್ಟ ದೈನಿಕ ಮೊತ್ತ, ಜಲಾನಯನದ ಸರಾಸರಿ ಮತ್ತು ಒಳಹರಿವಿನ ಕೋಷ್ಟಕಗಳು ಹಳೆಯ ತಪ್ಪನ್ನೇ ಹೊತ್ತು ಕುಳಿತಿರುತ್ತವೆ. ಅವೆಲ್ಲವನ್ನೂ ಅಳಿಸಿ ಮತ್ತೆ ಲೆಕ್ಕಹಾಕಿಸಬೇಕು. ಯಾವ ಶ್ರೇಣಿ, ಯಾವ ಅವಧಿ, ಏನು ತಿದ್ದಿದ್ದು, ಯಾವ ಪರೀಕ್ಷೆಯ ಆಧಾರದ ಮೇಲೆ, ಯಾರು, ಎಂದು ಎಂಬುದನ್ನು ದತ್ತಸಂಚಯದೊಳಗೇ ಬರೆದಿಡಬೇಕು. ಹೊರಗಿನ ಟಿಪ್ಪಣಿ ಪುಸ್ತಕ ಕಳೆದುಹೋಗುತ್ತದೆ.

ನಮ್ಮ ಕೆರೆಯಲ್ಲಿ ತಿದ್ದುಪಡಿಯ ನಂತರ ಸ್ವಯಂಚಾಲಿತ ಮಾಪಕದ ಮಳೆ 9ರ ರಾತ್ರಿ 7:30ರಿಂದ 9:45ರವರೆಗೆ ಬಂದು ನಿಂತಿತು, ಮಟ್ಟದ ಏರಿಕೆ 8:45ಕ್ಕೇ ಉಳಿಯಿತು. ಬೆಳಿಗ್ಗೆ 8:30ರಿಂದ 8:30ರವರೆಗೆ ಕೂಡಿದಾಗ 58.5 ಮಿ.ಮೀ. ಬಂತು, ಕೈಮಾಪಕದ 62ಕ್ಕಿಂತ ತುಸು ಕಡಿಮೆ, ಏಕೆಂದರೆ ಬಿರುಸು ಮಳೆಯಲ್ಲಿ ತೊಟ್ಟಿ ಬಾಗುವ ಕ್ಷಣದಲ್ಲಿ ಸ್ವಲ್ಪ ನೀರು ಎಣಿಕೆಗೆ ಸಿಗದೆ ಜಾರುತ್ತದೆ. ಒಂದು ಘಟನೆಯನ್ನೇ ನಂಬದೆ ಇನ್ನೆರಡು ಮಳೆಗಳನ್ನು ತೆಗೆದುಕೊಂಡೆವು. ಎರಡನೆಯದು ಹೊಂದಿತು. ಮೂರನೆಯದರಲ್ಲಿ ಮಳೆಯು ನೀರುಗಂಟಿಯವರು ಹೇಳಿದ ಹೊತ್ತಿನಿಂದ ಇಪ್ಪತ್ತು ನಿಮಿಷ ಸರಿದಿತ್ತು. ಲಾಗರಿನ ಗಡಿಯಾರವನ್ನು ಅಳವಡಿಸಿದ ದಿನದಿಂದ ಯಾರೂ ಸರಿಪಡಿಸಿರಲಿಲ್ಲ. ಈಗ ಬ್ಯಾಟರಿ ಬದಲಿಸಲು ಹೋದಾಗಲೆಲ್ಲ ಮೊಬೈಲಿನ ಸಮಯವನ್ನೂ ಲಾಗರಿನ ಸಮಯವನ್ನೂ ಒಂದೇ ಸಾಲಿನಲ್ಲಿ ಬರೆದುಕೊಂಡು ಬರುತ್ತೇವೆ, ಮತ್ತು ಎರಡು ಭೇಟಿಗಳ ನಡುವಿನ ದಾಖಲೆಗಳಿಗೆ ಆ ಅಂತರವನ್ನು ದಿನಗಳ ಪ್ರಮಾಣಕ್ಕೆ ಹಂಚಿ ಕಳೆಯುತ್ತೇವೆ.